ಮೆಕ್ಕೆಜೋಳದ ಟೆಂಡರ್ ಮತ್ತು ಗೂಗಲ್‌ನ ಹರಾಜು

ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ದಾವಣಗೆರೆಯ ಎಪಿಎಂಸಿ ಗೇಟು ದಾಟುವಾಗಲೇ ಅದರ ಲೆಕ್ಕ ಶುರುವಾಗುತ್ತದೆ. ರೈತನ ಹೆಸರು, ಊರು, ಚೀಲ ಎಷ್ಟು, ಮಾಲು ಯಾವ ದಲಾಲಿ ಅಂಗಡಿಗೆ ಹೋಗಬೇಕು ಎಂಬುದೆಲ್ಲ ಕಂಪ್ಯೂಟರ್ ಸೇರಿ ಒಂದು ಲಾಟ್ ನಂಬರ್ ಸಿಗುತ್ತದೆ. ಖರೀದಿದಾರರು ರಾಶಿಯ ಬಳಿ ಬಂದು ಕಾಳನ್ನು ಬೊಗಸೆಯಲ್ಲಿ ಎತ್ತಿ ನೋಡುತ್ತಾರೆ, ಒಂದೆರಡನ್ನು ಹಲ್ಲಿನಲ್ಲಿ ಕಡಿದು ಎಷ್ಟು ಒಣಗಿದೆ ಎಂದು ಅಂದಾಜು ಮಾಡುತ್ತಾರೆ. ಬಳಿಕ ತಮ್ಮ ದರವನ್ನು ಆನ್‌ಲೈನ್‌ನಲ್ಲಿ ನಮೂದಿಸುತ್ತಾರೆ. ಒಬ್ಬರು ಹಾಕಿದ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಟೆಂಡರ್ ಅವಧಿ ಮುಗಿದೊಡನೆ ತಂತ್ರಾಂಶ ಅತಿ ಹೆಚ್ಚಿನ ದರವನ್ನು ಆರಿಸಿ ತಿಳಿಸುತ್ತದೆ. ದರ ಒಪ್ಪಿಗೆಯಾಗದಿದ್ದರೆ ಮಾರುವುದಿಲ್ಲ ಎನ್ನುವ ಹಕ್ಕು ರೈತನಿಗಿದೆ. ಒಪ್ಪಿದರೆ ಹಮಾಲರು ತೂಕಕ್ಕಿಡುತ್ತಾರೆ, ಬಿಲ್ ಆಗುತ್ತದೆ.

ಈ ವ್ಯವಸ್ಥೆಯನ್ನು ನಡೆಸುವುದು ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಕಂಪನಿ. ವ್ಯಾಪಾರಿಗಳ ಬಾಯಲ್ಲಿ ಅದು ರೆಮ್ಸ್. ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಸೇರಿ ಕಟ್ಟಿದ ಸಂಸ್ಥೆ ಇದು. 2013ರ ಕೃಷಿ ಮಾರುಕಟ್ಟೆ ನೀತಿಯ ಫಲವಾಗಿ 2014ರಲ್ಲಿ ಕೆಲಸ ಆರಂಭಿಸಿತು. ರಾಜ್ಯದ ಎಪಿಎಂಸಿಗಳನ್ನು ಒಂದೇ ಜಾಲಕ್ಕೆ ತಂದು, ಒಂದೇ ಪರವಾನಗಿಯಲ್ಲಿ ಯಾವ ಮಾರುಕಟ್ಟೆಯ ಲಾಟಿಗೆ ಬೇಕಾದರೂ ದರ ಹಾಕಬಹುದೆಂದು ಮಾಡಿತು. ಎರಡು ವರ್ಷದ ನಂತರ ಕೇಂದ್ರ ಸರ್ಕಾರ ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲ ತಂದಾಗ ಅದರ ಮುಂದಿದ್ದ ಮಾದರಿ ಕರ್ನಾಟಕದ್ದೇ. ರೆಮ್ಸ್ ಒಂದು ಕಾಳನ್ನೂ ಖರೀದಿಸುವುದಿಲ್ಲ, ಒಂದು ಲಾರಿಯನ್ನೂ ಓಡಿಸುವುದಿಲ್ಲ. ನಡೆದ ವಹಿವಾಟಿನ ಮೇಲೆ ನೂರಕ್ಕೆ ಒಂದು ರೂಪಾಯಿಗಿಂತಲೂ ಕಡಿಮೆ ಶುಲ್ಕ, ಅದೇ ಅದರ ದುಡಿಮೆ. ಇಂಥ ಕಂಪನಿ ಏಕೆ ಉಳಿಯುತ್ತದೆ, ಉಳಿದರೆ ಲಾಭ ಯಾರ ಕೈ ಸೇರುತ್ತದೆ ಎಂದು ತಿಳಿಯಲು 2000ನೇ ಇಸವಿಯ ಡಾಟ್‌ಕಾಂ ಕುಸಿತದತ್ತ ಹೋಗಬೇಕು.

1990ರ ದಶಕದ ಕೊನೆಯಲ್ಲಿ ಅಮೆರಿಕದ ಷೇರುಪೇಟೆಯಲ್ಲಿ ಹೆಸರಿನ ಕೊನೆಗೆ ಡಾಟ್‌ಕಾಂ ಇದ್ದರೆ ಸಾಕು, ಹಣ ಹರಿದುಬರುತ್ತಿತ್ತು. ಮೊದಲು ಗ್ರಾಹಕರನ್ನು ಸೆಳೆಯಿರಿ, ಲಾಭ ಆಮೇಲೆ ನೋಡೋಣ ಎಂಬ ನಂಬಿಕೆ ಎಲ್ಲೆಡೆ ಇತ್ತು. ತಂತ್ರಜ್ಞಾನ ಕಂಪನಿಗಳ ಸೂಚ್ಯಂಕ ನಾಸ್ಡಾಕ್ 2000ದ ಮಾರ್ಚ್ 10ರಂದು 5,048ಕ್ಕೆ ಏರಿತು. 2002ರ ಅಕ್ಟೋಬರ್ ಹೊತ್ತಿಗೆ 1,114ಕ್ಕೆ ಇಳಿದಿತ್ತು. ಮನೆಬಾಗಿಲಿಗೆ ದಿನಸಿ ತಲುಪಿಸುತ್ತೇನೆಂದು ಹೊರಟ ವೆಬ್‌ವ್ಯಾನ್, ಬೇಡಿಕೆ ಹುಟ್ಟುವ ಮೊದಲೇ ದೊಡ್ಡ ದೊಡ್ಡ ಯಂತ್ರೀಕೃತ ಗೋದಾಮುಗಳಿಗೆ ಹಣ ಸುರಿದು 2001ರ ಜುಲೈನಲ್ಲಿ ದಿವಾಳಿಯಾಯಿತು. ಪ್ರಯೋಗಾಲಯದ ರಾಸಾಯನಿಕಗಳನ್ನು ಕೊಳ್ಳುವವರನ್ನೂ ಮಾರುವವರನ್ನೂ ಒಂದೆಡೆ ತರುತ್ತೇನೆಂದ ಕೆಮ್‌ಡೆಕ್ಸ್‌ಗೆ 2000ದ ಡಿಸೆಂಬರಿನಲ್ಲೇ ಬೀಗ ಬಿತ್ತು. ಅಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಮೊದಲಿಂದಲೇ ಪರಿಚಯವಿತ್ತು, ನಡುವೆ ನಿಂತು ಶುಲ್ಕ ಕೇಳುವವರ ಅಗತ್ಯ ಇಬ್ಬರಿಗೂ ಕಾಣಲಿಲ್ಲ. ಇದಕ್ಕೆ ವಿರುದ್ಧವಾಗಿ, ಪರಸ್ಪರ ಮುಖ ನೋಡದ ಜನ ಹಳೆಯ ವಸ್ತುಗಳನ್ನು ಹರಾಜಿನಲ್ಲಿ ಮಾರಲು ದಾರಿ ಮಾಡಿಕೊಟ್ಟು ಪ್ರತಿ ಮಾರಾಟದಲ್ಲಿ ಚೂರು ಪಾಲು ಪಡೆಯುತ್ತಿದ್ದ ಇಬೇ ಆ ಬಿರುಗಾಳಿಯಲ್ಲೂ ಲಾಭದಲ್ಲೇ ಇತ್ತು.

ನಮ್ಮ ಬೆಂಗಳೂರಿನಲ್ಲೂ ಇದರ ಒಂದು ರೂಪ ನಡೆಯಿತು. 1999ರಲ್ಲಿ ಹುಟ್ಟಿದ ಫ್ಯಾಬ್‌ಮಾರ್ಟ್ ದೇಶದ ಮೊದಮೊದಲ ಆನ್‌ಲೈನ್ ಅಂಗಡಿಗಳಲ್ಲಿ ಒಂದು. ಆಗ ಮನೆಗಳಲ್ಲಿ ಇಂಟರ್‌ನೆಟ್ ಇನ್ನೂ ವಿರಳ. ಸಂಸ್ಥಾಪಕರು ಫ್ಯಾಬ್‌ಮಾಲ್ ಹೆಸರಿನಲ್ಲಿ ಗೋಡೆ ಬಾಗಿಲಿರುವ ದಿನಸಿ ಅಂಗಡಿಗಳನ್ನೂ ತೆರೆದರು. ಮುಂದೆ ಆ ಸರಣಿ ಆದಿತ್ಯ ಬಿರ್ಲಾ ಗುಂಪಿನ ಪಾಲಾಯಿತು. ಅದೇ ತಂಡದ ಹಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದರು, 2021ರಲ್ಲಿ ಅದರ ಬಹುಪಾಲು ಟಾಟಾ ಸಮೂಹಕ್ಕೆ ಹೋಯಿತು. ಆಲೋಚನೆ ಹನ್ನೆರಡು ವರ್ಷ ಹಳೆಯದು, ಆದರೆ ಫೋನು, ರಸ್ತೆ, ಗೋದಾಮಿನ ಶಿಸ್ತು ಎಲ್ಲ ಕೂಡಿಬರಲು ಅಷ್ಟು ಕಾಲ ಬೇಕಾಯಿತು.

ತಂತ್ರಾಂಶದ ಮೇಲೆ ನಿಂತ ಇಂಥ ಕಂಪನಿಗಳ ಅರ್ಥಶಾಸ್ತ್ರ ತಿಳಿಯಲು ದಾವಣಗೆರೆ ಪಕ್ಕದ ಹರಿಹರ ಒಳ್ಳೆಯ ಜಾಗ. 1941ರಿಂದ ಅಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸಿತು. ಒಂದು ಲೇತ್ ಮಾರಿದ ಮೇಲೆ ಇನ್ನೊಂದು ಮಾರಬೇಕೆಂದರೆ ಮತ್ತಷ್ಟು ಎರಕ, ಮತ್ತಷ್ಟು ಕರೆಂಟು, ನುರಿತ ಕೆಲಸಗಾರರ ಮತ್ತಷ್ಟು ಗಂಟೆಗಳು ಬೇಕು. ತಂತ್ರಾಂಶಕ್ಕೆ ಹಾಗಿಲ್ಲ. ಅದನ್ನು ಬರೆಯಲು ತಗಲುವ ಖರ್ಚು ದೊಡ್ಡದು, ಒಮ್ಮೆ ಬರೆದ ಮೇಲೆ ಹತ್ತು ಸಾವಿರದ ಒಂದನೇ ಲಾಟನ್ನು ದಾಖಲಿಸಲು ಹೆಚ್ಚುವರಿ ಖರ್ಚು ಬಹುತೇಕ ಸೊನ್ನೆ. ಡಾಟ್‌ಕಾಂ ಕಾಲದ ಹೂಡಿಕೆದಾರರು ಇದಿಷ್ಟನ್ನು ಸರಿಯಾಗಿಯೇ ಹಿಡಿದಿದ್ದರು. ಅವರು ಬಿಟ್ಟದ್ದು ಇನ್ನೊಂದು ಅಂಶ. ಖರ್ಚು ಸೊನ್ನೆಯೆಂದರೆ ಪ್ರತಿಸ್ಪರ್ಧಿಗೂ ಸೊನ್ನೆಯೇ. ಹಾಗಾಗಿ ಕಂಪನಿಯ ಗಟ್ಟಿತನ ತಂತ್ರಾಂಶದಲ್ಲಿಲ್ಲ, ಅದರ ಸುತ್ತ ನೆರೆದ ಜನರಲ್ಲಿದೆ. ಖರೀದಿದಾರರು ಹೆಚ್ಚಿರುವಲ್ಲಿಗೆ ರೈತರು ಮಾಲು ತರುತ್ತಾರೆ, ಮಾಲು ಹೆಚ್ಚು ಬರುವಲ್ಲಿಗೆ ಖರೀದಿದಾರರು ಬರುತ್ತಾರೆ. ಒಂದು ಕಡೆ ತೆಳುವಾದರೆ ಇನ್ನೊಂದೂ ತೆಳುವಾಗುತ್ತದೆ.

ಹೆಚ್ಚು ಖರೀದಿದಾರರಿದ್ದರೆ ರೈತನಿಗೆ ಎಷ್ಟು ಲಾಭ? ಇದಕ್ಕೆ ಖಚಿತ ಗಣಿತವಿದೆ. ಅದರ ತಳಪಾಯ ಹಾಕಿದವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ, 1961ರಲ್ಲಿ. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು, ಮೂರೇ ದಿನದಲ್ಲಿ ಅವರು ತೀರಿಕೊಂಡರು.

ಒಂದು ಲಾಟ್ ಮೆಕ್ಕೆಜೋಳ ಇದೆ ಎನ್ನಿ. ಖರೀದಿದಾರರ ಲೆಕ್ಕಾಚಾರದಲ್ಲಿ ಅದರ ಬೆಲೆ ಕ್ವಿಂಟಾಲಿಗೆ 2,000ದಿಂದ 2,300 ರೂಪಾಯಿಯೊಳಗೆ ಎಲ್ಲಿಯಾದರೂ ಇರಬಹುದು. ಒಬ್ಬರಿಗೆ ಕೋಳಿ ಆಹಾರದ ಕಾರ್ಖಾನೆಯ ಆರ್ಡರ್ ಇದೆ, ಅವರಿಗೆ 2,300 ಕೊಟ್ಟರೂ ನಷ್ಟವಿಲ್ಲ. ಆದರೆ ಮುಚ್ಚಿದ ಟೆಂಡರಿನಲ್ಲಿ ಗೆದ್ದವರು ತಾವು ಹಾಕಿದ ದರವನ್ನೇ ಕೊಡಬೇಕಾದ್ದರಿಂದ ಯಾರೂ ತಮ್ಮ ಪೂರ್ತಿ ಬೆಲೆಯನ್ನು ಹಾಕುವುದಿಲ್ಲ. ಎಷ್ಟು ಕಡಿಮೆ ಹಾಕಿ ಗೆಲ್ಲಬಹುದು ಎಂದು ಯೋಚಿಸುತ್ತಾರೆ. ಕಣದಲ್ಲಿ ಒಟ್ಟು ಇಬ್ಬರೇ ಇದ್ದರೆ ಆ 300 ರೂಪಾಯಿಯ ಅಂತರದಲ್ಲಿ ಅರ್ಧವನ್ನು ತಮಗೆ ಉಳಿಸಿಕೊಂಡು 2,150 ಹಾಕುವುದೇ ಆ 2,300ರ ಖರೀದಿದಾರರಿಗೆ ಜಾಣತನ ಎನ್ನುತ್ತದೆ ಗಣಿತ. ಮೂವರಿದ್ದರೆ ಉಳಿಸಿಕೊಳ್ಳಲಾಗುವುದು ಮೂರನೇ ಒಂದು ಪಾಲು, ಅಂದರೆ ದರ 2,200. ಆರು ಮಂದಿ ಇದ್ದರೆ 2,250. ಹತ್ತು ಮಂದಿ ಇದ್ದರೆ 2,270.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮೂರನೆಯ ಖರೀದಿದಾರ ಬಂದದ್ದರಿಂದ ಕ್ವಿಂಟಾಲಿಗೆ 50 ರೂಪಾಯಿ ಏರಿತು. ಹತ್ತನೆಯವರು ಬಂದದ್ದರಿಂದ ಏರುವುದು ಮೂರು ರೂಪಾಯಿಯ ಆಸುಪಾಸು. 40 ಕ್ವಿಂಟಾಲ್ ತಂದ ರೈತನಿಗೆ ಮೂರನೆಯವರು 2,000 ರೂಪಾಯಿ ತಂದುಕೊಟ್ಟಂತೆ. ಇಬ್ಬರು ಮೂವರಷ್ಟೇ ದರ ಹಾಕುತ್ತಿದ್ದ ಲಾಟಿಗೆ ದೂರದ ಊರಿನ ಒಬ್ಬ ಖರೀದಿದಾರ ಸೇರಿದರೆ ಎಷ್ಟು ದೊಡ್ಡ ವ್ಯತ್ಯಾಸ ಎಂಬುದು ಇದರಿಂದ ತಿಳಿಯುತ್ತದೆ. ಜೊತೆಗೆ ಇನ್ನೊಂದು ಲಾಭವಿದೆ. ಒಂದೇ ಪ್ರಾಂಗಣದಲ್ಲಿ ದಿನವಿಡೀ ಒಟ್ಟಿಗಿರುವ ವ್ಯಾಪಾರಿಗಳು ದರವನ್ನು ಒಳಗೊಳಗೇ ಹೊಂದಿಸಿಕೊಳ್ಳುವುದು ಸುಲಭ, ಹೊರಗಿನ ಒಬ್ಬರಿದ್ದರೆ ಆ ಹೊಂದಾಣಿಕೆ ನಿಲ್ಲುವುದಿಲ್ಲ.

ಇದೇ ಗಣಿತ ಗೂಗಲ್‌ನ ಕೈಹಿಡಿಯಿತು. ಹುಡುಕಾಟವನ್ನು ಉಚಿತವಾಗಿ ಕೊಟ್ಟು ದುಡಿಯುವುದು ಹೇಗೆಂದು ಆ ಕಂಪನಿ 2000ದ ಸುಮಾರಿಗೆ ತಡಕಾಡುತ್ತಿತ್ತು. 2002ರಲ್ಲಿ ಜಾಹೀರಾತಿನ ಜಾಗವನ್ನು ಹರಾಜಿಗಿಟ್ಟಿತು. ಗೆದ್ದವರು ತಮ್ಮ ದರದ ಬದಲು ತಮಗಿಂತ ಕೆಳಗಿನವರ ದರವನ್ನು ಆಧರಿಸಿ ಹಣ ಕೊಡುವ ನಿಯಮ ಅದು, ವಿಕ್ರಿಯವರ ಚಿಂತನೆಗೆ ಹತ್ತಿರದ್ದು. ಹಾಗಾದಾಗ ದರವನ್ನು ನಿಮಿಷಕ್ಕೊಮ್ಮೆ ಏರಿಸಿ ಇಳಿಸಿ ಆಟವಾಡುವ ಅಗತ್ಯ ಜಾಹೀರಾತುದಾರರಿಗೆ ಕಡಿಮೆಯಾಗುತ್ತದೆ. ಜನ ಹೆಚ್ಚಾಗಿ ಕ್ಲಿಕ್ ಮಾಡುವ ಜಾಹೀರಾತಿಗೆ ಮೇಲಿನ ಜಾಗ ಸಿಗುವಂತೆಯೂ ಲೆಕ್ಕ ಹಾಕಿತು. 2001ರಲ್ಲಿ ಸುಮಾರು 8.6 ಕೋಟಿ ಡಾಲರ್ ಇದ್ದ ಅದರ ಆದಾಯ 2004ರಲ್ಲಿ 318 ಕೋಟಿ ಡಾಲರ್ ದಾಟಿತು. ಕುಸಿತದ ನಂತರ ಬದುಕಿದ ಕಂಪನಿಗಳ ಕಥೆ ಹೇಳುವಾಗ ಕಂಪ್ಯೂಟರ್ ವಿಜ್ಞಾನಕ್ಕೆ ಸಿಗುವಷ್ಟು ಶ್ರೇಯಸ್ಸು ಹರಾಜಿನ ನಿಯಮಕ್ಕೆ ಸಿಗುವುದಿಲ್ಲ. ಸಿಗಬೇಕು ಎಂಬುದು ನನ್ನ ಅಭಿಪ್ರಾಯ.

ಸಿದ್ಧಾಂತ ಸರಿ, ನಮ್ಮ ಮಾರುಕಟ್ಟೆಗಳಲ್ಲಿ ನಿಜವಾಗಿ ಏನಾಯಿತು? ಇದನ್ನು ಅಳೆದ ಅಧ್ಯಯನವೊಂದಿದೆ. ಎಂಐಟಿಯ ರೆಟ್ಸೆಫ್ ಲೆವಿ ಮತ್ತು ಸಹೋದ್ಯೋಗಿಗಳು ಅಮೆರಿಕದ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ 2020ರಲ್ಲಿ ಪ್ರಕಟಿಸಿದ್ದು. ರೆಮ್ಸ್ ಮುಖ್ಯಸ್ಥರಾಗಿದ್ದ ಮನೋಜ್ ರಾಜನ್ ಅದರ ಲೇಖಕರಲ್ಲಿ ಒಬ್ಬರು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. 2019ರ ನವೆಂಬರ್ ವೇಳೆಗೆ ಈ ಜಾಲದಲ್ಲಿ 6.28 ಕೋಟಿ ಟನ್ ಮಾಲು, 2,170 ಕೋಟಿ ಡಾಲರ್ ಮೌಲ್ಯದ್ದು, ಕೈಬದಲಾಗಿತ್ತು. ಬೆಲೆ ಏರಿದರೆ ಅದು ತಂತ್ರಾಂಶದಿಂದಲೋ ಮಳೆ ಕಡಿಮೆಯಾದದ್ದರಿಂದಲೋ ಹೇಗೆ ತಿಳಿಯುವುದು? ಅದಕ್ಕಾಗಿ ಈ ವ್ಯವಸ್ಥೆ ಇಲ್ಲದ ಮಾರುಕಟ್ಟೆಗಳಲ್ಲಿ ಅದೇ ಅವಧಿಯಲ್ಲಿ ಆದ ಬದಲಾವಣೆಯನ್ನು ಇಲ್ಲಿಯ ಬದಲಾವಣೆಯಿಂದ ಕಳೆದರು. ಉಳಿದ ಫಲಿತಾಂಶ ಹೀಗಿತ್ತು: ಭತ್ತಕ್ಕೆ ಶೇ 5.1, ಶೇಂಗಾಕ್ಕೆ ಶೇ 3.6, ಮೆಕ್ಕೆಜೋಳಕ್ಕೆ ಶೇ 3.5 ಏರಿಕೆ. ಹತ್ತಿ, ಹೆಸರು, ತೊಗರಿಗೆ ಗಣನೀಯ ಬದಲಾವಣೆ ಏನೂ ಇಲ್ಲ.

ಶೇ 3.5 ಕಡಿಮೆ ಎನಿಸಬಹುದು. 2,000 ರೂಪಾಯಿಗೆ ಮಾರಿದ ಕ್ವಿಂಟಾಲಿನ ಬೆಳೆಯ ಖರ್ಚು 1,900 ಆಗಿದ್ದರೆ ರೈತನಿಗೆ ಉಳಿಯುವುದು 100. ಬೆಲೆ ಶೇ 3.5 ಏರಿದರೆ ಆ ನೂರರ ಮೇಲೆ ಇನ್ನೂ 70 ಸಿಗುತ್ತದೆ. ಸಣ್ಣ ರೈತರ ಲಾಭದಲ್ಲಿ ಶೇ 36ರಿಂದ 159ರವರೆಗೆ ಏರಿಕೆ ಎಂದು ಅಧ್ಯಯನ ಹೇಳುವುದು ಈ ಕಾರಣಕ್ಕೆ.

ಅಧ್ಯಯನದ ಆ ಪಟ್ಟಿಯನ್ನು ದಾವಣಗೆರೆಯ ಕಣ್ಣಿನಿಂದ ಓದಿದರೆ ಬೆಳೆಗಳ ನಡುವಿನ ಭೇದ ಎದ್ದು ಕಾಣುತ್ತದೆ. ಭದ್ರಾ ನಾಲೆಯ ನೀರಿನಲ್ಲಿ ಹರಿಹರ, ಮಲೇಬೆನ್ನೂರು ಸೀಮೆಯಲ್ಲಿ ಬೆಳೆಯುವುದು ಭತ್ತ. ಖುಷ್ಕಿ ಭೂಮಿಯಲ್ಲಿ ಮೆಕ್ಕೆಜೋಳ. ಇವೆರಡಕ್ಕೂ ಲಾಭವಾಯಿತು. ಆದರೆ ಒಂದು ಕಾಲಕ್ಕೆ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಹತ್ತಿಗೆ ಏನೂ ಆಗಲಿಲ್ಲ. ನನ್ನ ಮಟ್ಟಿಗೆ ಇದರ ಮುಖ್ಯ ಕಾರಣ ಗುಣಮಟ್ಟದ ಅಳತೆ. ಹತ್ತಿಯ ಬೆಲೆ ನಿಂತಿರುವುದು ಎಳೆಯ ಉದ್ದ, ನವಿರು, ಬಣ್ಣ, ಕಸದ ಪ್ರಮಾಣದ ಮೇಲೆ. ಇವನ್ನು ಕೈಯಿಂದ ಹಿಂಜಿ ನೋಡದೆ ದೂರದ ಮಿಲ್ಲಿನವರು ದರ ಹಾಕಲಾರರು. ಹಾಗಾಗಿ ಪರದೆಯ ಮೇಲೆ ಲಾಟ್ ಎಲ್ಲರಿಗೂ ಕಂಡರೂ ದರ ಹಾಕುವವರು ಹಳಬರೇ ಆಗಿರುತ್ತಾರೆ.

ಮೆಕ್ಕೆಜೋಳದಲ್ಲೂ ಅಳತೆಯ ಪ್ರಶ್ನೆ ಸಣ್ಣದಲ್ಲ. ತೇವ ಹೆಚ್ಚಿದ್ದರೆ ಚೀಲದಲ್ಲಿ ಬೂಸ್ಟು ಬೆಳೆಯುತ್ತದೆ. ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ. ಸರ್ಕಾರಿ ಖರೀದಿಯಲ್ಲಿ ತೇವಾಂಶದ ಮಿತಿ ಶೇ 14. ಶೇ 14ರ ಮಾಲಿನಲ್ಲಿ ಕ್ವಿಂಟಾಲಿಗೆ 86 ಕಿಲೋ ಒಣ ಕಾಳು ಇದ್ದರೆ, ಶೇ 18ರ ಮಾಲಿನಲ್ಲಿ 82 ಕಿಲೋ ಮಾತ್ರ. ಒಣ ತೂಕಕ್ಕಷ್ಟೇ ಹಣ ಎಂದು ಲೆಕ್ಕ ಹಾಕಿದರೆ 2,200ರ ದರ ಸುಮಾರು 2,100ಕ್ಕೆ ಬರುತ್ತದೆ. ನೂರು ರೂಪಾಯಿ ವ್ಯತ್ಯಾಸ! ಇಡೀ ಜಾಲ ತಂದುಕೊಟ್ಟ ಶೇ 3.5 ಅಂದರೆ 77 ರೂಪಾಯಿ. ತೇವಾಂಶ ಎಷ್ಟೆಂದು ಖಾತ್ರಿಯಿಲ್ಲದ ಲಾಟಿಗೆ ಹೊರಊರಿನ ಖರೀದಿದಾರ ಕೆಟ್ಟದ್ದನ್ನೇ ಊಹಿಸಿ ದರ ಹಾಕುತ್ತಾನೆ, ಇಲ್ಲವೇ ಹಾಕುವುದೇ ಇಲ್ಲ. ಹೆದ್ದಾರಿಯ ಪಕ್ಕದಲ್ಲಿ ದಿನಗಟ್ಟಲೆ ಕಾಳು ಹರವಿ ಒಣಗಿಸಿದ ರೈತನ ಶ್ರಮಕ್ಕೆ ಬೆಲೆ ಸಿಗಬೇಕಾದರೆ ಗೇಟಿನಲ್ಲೇ ಮೀಟರಿನಿಂದ ತೇವಾಂಶ ಅಳೆದು ಲಾಟ್ ನಂಬರಿನ ಜೊತೆ ನಮೂದಿಸಬೇಕು. ಕೆಲವು ಸಾವಿರ ರೂಪಾಯಿಯ ಆ ಉಪಕರಣ ತಂತ್ರಾಂಶದಷ್ಟೇ ಮುಖ್ಯ.

ನಿಯಮವನ್ನು ಬದಲಿಸಿಯೂ ದರ ಏರಿಸಬಹುದು. ಎಂಐಟಿಯ ಅದೇ ಸಂಶೋಧಕರು ರಾಜ್ಯದ ಒಂದು ದೊಡ್ಡ ಮಾರುಕಟ್ಟೆಯಲ್ಲಿ ಬೇಳೆಕಾಳಿಗೆ ಎರಡು ಸುತ್ತಿನ ಟೆಂಡರ್ ಪ್ರಯೋಗ ಮಾಡಿದರು. ಮೊದಲ ಸುತ್ತಿನಲ್ಲಿ ಮೇಲಿನ ಸ್ಥಾನದಲ್ಲಿರುವವರಿಗೆ ಎರಡನೆಯದರಲ್ಲಿ ದರ ಏರಿಸುವ ಅವಕಾಶ. ಖರೀದಿದಾರರ ಸಂಖ್ಯೆ ಅಷ್ಟೇ, ಮಾಲೂ ಅದೇ, ಆದರೂ ರೈತರಿಗೆ ಸಿಕ್ಕ ದರ ಏರಿತು.

ಖರೀದಿದಾರರ ಸಂಖ್ಯೆಯನ್ನು ಕಾನೂನೂ ಬದಲಿಸಬಲ್ಲದು. 2020ರಲ್ಲಿ ರಾಜ್ಯ ಸರ್ಕಾರ ಎಪಿಎಂಸಿ ಕಾಯ್ದೆ ತಿದ್ದಿ ಪ್ರಾಂಗಣದ ಹೊರಗೂ ಖರೀದಿಗೆ ದಾರಿ ತೆರೆಯಿತು. ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳುವ ಮಸೂದೆಗೆ 2023ರಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಹಳ್ಳಿಯಲ್ಲೇ ಮಾರುವ ಅನುಕೂಲ ದೊಡ್ಡದು, ಬಾಡಿಗೆ, ಹಮಾಲಿ ಉಳಿಯುತ್ತದೆ. ಆದರೆ ಹಳ್ಳಿಗೆ ಬರುವ ವ್ಯಾಪಾರಿ ದರ ಹೇಳುವುದು ಅಂದಿನ ದಾವಣಗೆರೆ ಧಾರಣೆ ನೋಡಿಯೇ. ಆ ಧಾರಣೆ ನಿಂತಿರುವುದು ಪ್ರಾಂಗಣದಲ್ಲಿ ಎಷ್ಟು ಮಂದಿ ಪೈಪೋಟಿ ಮಾಡಿದರು ಎಂಬುದರ ಮೇಲೆ. ಹತ್ತು ಮಂದಿಯಲ್ಲಿ ಒಬ್ಬರು ಹೊರಗೆ ಹೋದರೆ ದರ ಅಷ್ಟೇನೂ ಅಲುಗಾಡದು. ಮೂವರಲ್ಲಿ ಒಬ್ಬರು ಹೋದರೆ ಮೇಲಿನ ಲೆಕ್ಕದಲ್ಲಿ 50 ರೂಪಾಯಿ ಹೋಯಿತು, ಒಳಗೆ ಮಾರಿದವರಿಗೂ, ಹೊರಗೆ ಮಾರಿದವರಿಗೂ. ಪತ್ರಿಕೆಗಳ ಧಾರಣೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ದರಗಳು ಇರುತ್ತವೆ. ಪ್ರತಿ ಲಾಟಿಗೆ ಸರಾಸರಿ ಎಷ್ಟು ಮಂದಿ ದರ ಹಾಕಿದರು ಎಂಬ ಅಂಕಿಯೂ ರೆಮ್ಸ್‌ನ ಕಂಪ್ಯೂಟರಿನಲ್ಲಿ ಪ್ರತಿದಿನ ದಾಖಲಾಗುತ್ತದೆ. ಅದನ್ನೂ ಆ ಪಟ್ಟಿಯ ಪಕ್ಕದಲ್ಲೇ ಅಚ್ಚು ಹಾಕಬೇಕು.