ಹೆಪ್ಪುಗಟ್ಟಿದ ರಕ್ತವನ್ನು ಹೀರಿ ತೆಗೆಯಲೇಬೇಕೇ?

ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ತಂದೆಯ ಆಂಜಿಯೋಪ್ಲಾಸ್ಟಿ ಮುಗಿದು ಅರ್ಧ ಗಂಟೆಯೂ ಆಗಿರುವುದಿಲ್ಲ. ಅಷ್ಟರಲ್ಲಿ ಗಲ್ಫ್‌ನಲ್ಲಿರುವ ಮಗನ ಫೋನ್: "ಹೆಪ್ಪುಗಟ್ಟಿದ ರಕ್ತವನ್ನು ಹೀರಿ ತೆಗೆಯುವ ಟ್ಯೂಬ್ ಇದೆಯಂತಲ್ಲ, ಉಪ್ಪನಿಗೆ ಅದನ್ನು ಹಾಕಿದ್ದಾರಾ?" ಇಲ್ಲ ಎಂದು ಗೊತ್ತಾದರೆ ಮನೆಯವರಲ್ಲಿ ಅನುಮಾನ ಶುರು. ಕಟ್ಟಿದ ಹಣ ಸಾಲದ್ದಕ್ಕೆ ಬಿಟ್ಟರೇ? ಇನ್ನೂ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತೇ?

ಮಗನ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಕೆಲವು ವರ್ಷಗಳ ಹಿಂದೆ ಹೃದ್ರೋಗ ತಜ್ಞರೂ ಹಾಗೆಯೇ ಯೋಚಿಸುತ್ತಿದ್ದರು.

ಹೃದಯದ ರಕ್ತನಾಳದ ಒಳಗೋಡೆಯಲ್ಲಿ ವರ್ಷಗಳಿಂದ ಶೇಖರವಾದ ಕೊಬ್ಬಿನ ಪದರ ಒಮ್ಮೆಲೇ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗುತ್ತದೆ. ಹೆಚ್ಚಿನ ಹೃದಯಾಘಾತಗಳು ಆಗುವುದು ಹೀಗೆ. ವೈದ್ಯರು ಮಣಿಕಟ್ಟಿನ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ತಂತಿ ಕಳುಹಿಸಿ, ಬಲೂನ್ ಉಬ್ಬಿಸಿ, ಸ್ಟೆಂಟ್ ಕೂರಿಸಿ ನಾಳ ತೆರೆಯುತ್ತಾರೆ. ಆಗ ಹೆಪ್ಪಿನ ಚೂರುಗಳು ಮುಂದಕ್ಕೆ ಹರಿದು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಹಾಗಾದರೆ ಮೊದಲೇ ಟೊಳ್ಳಾದ ಟ್ಯೂಬ್ ಹಾಕಿ, ಹಿಂಬದಿಯಲ್ಲಿ ಸಿರಿಂಜ್ ಎಳೆದು ಹೆಪ್ಪನ್ನು ಹೀರಿಬಿಟ್ಟರೆ?

ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ನಗರದ ವೈದ್ಯರು 1,071 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೀರಿ ತೆಗೆದವರ ಹೃದಯದ ಸ್ನಾಯುಗಳಿಗೆ ರಕ್ತ ಚೆನ್ನಾಗಿ ತಲುಪಿತ್ತು. ಒಂದು ವರ್ಷದ ನಂತರ ಅವರಲ್ಲಿ ಸಾವೂ ಕಡಿಮೆ ಇತ್ತು. ಈ ವಿಧಾನ ಬೇಗನೆ ಹಲವು ದೇಶಗಳಿಗೆ ಹರಡಿತು.

ಆದರೆ ಒಂದೇ ಆಸ್ಪತ್ರೆಯ ಸಾವಿರ ರೋಗಿಗಳನ್ನು ನೋಡಿ ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಲಾಗದು. 2013ರಲ್ಲಿ ಸ್ವೀಡನ್ ಮತ್ತು ನೆರೆಯ ದೇಶಗಳ 7,244 ರೋಗಿಗಳ ಅಧ್ಯಯನ ಬಂತು. ಮೂವತ್ತು ದಿನಗಳಲ್ಲಿ ಸಾವಿನ ಪ್ರಮಾಣ ಹೀರಿದವರಲ್ಲಿ ಶೇ. 2.8, ಹೀರದವರಲ್ಲಿ ಶೇ. 3.0. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಅಲ್ಲ. 2015ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಜ್ಞರ ನೇತೃತ್ವದಲ್ಲಿ ಇಪ್ಪತ್ತು ದೇಶಗಳ ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳ ಅಧ್ಯಯನ ನಡೆದಾಗಲೂ ಲಾಭ ಕಾಣಲಿಲ್ಲ. ಬದಲಿಗೆ ಬೇರೊಂದು ಅಪಾಯ ಕಂಡಿತು. ಎರಡೂ ಗುಂಪುಗಳಲ್ಲಿ ತಲಾ ಐದು ಸಾವಿರದಷ್ಟು ರೋಗಿಗಳಿದ್ದರು. ಒಂದು ತಿಂಗಳೊಳಗೆ ಹೀರಿದ ಗುಂಪಿನ 33 ಮಂದಿಗೆ ಪಾರ್ಶ್ವವಾಯು ಬಡಿಯಿತು, ಇನ್ನೊಂದು ಗುಂಪಿನಲ್ಲಿ 16 ಮಂದಿಗೆ. ಟ್ಯೂಬನ್ನು ಹಿಂದಕ್ಕೆ ಎಳೆಯುವಾಗ ತುದಿಯಲ್ಲಿದ್ದ ಹೆಪ್ಪಿನ ಚೂರು ಜಾರಿ ಮೆದುಳಿನತ್ತ ಹೋಗಿರಬಹುದು ಎಂಬುದು ಒಂದು ಊಹೆ.

ಹೀಗಾಗಿ ಅಮೆರಿಕ ಮತ್ತು ಯುರೋಪಿನ ಹೃದ್ರೋಗ ತಜ್ಞರ ಸಂಘಟನೆಗಳು ಎಲ್ಲ ರೋಗಿಗಳಿಗೂ ವಾಡಿಕೆಯಂತೆ ಹೀರಿ ತೆಗೆಯುವುದು ಬೇಡ ಎಂದವು. ಟ್ಯೂಬ್ ಪೂರ್ತಿ ಮೂಲೆಗೆ ಸೇರಿಲ್ಲ. ಬಲೂನ್ ಹಾಕಿದ ಮೇಲೂ ದೊಡ್ಡ ಹೆಪ್ಪು ಉಳಿದು ರಕ್ತ ಹರಿಯದಿದ್ದರೆ ವೈದ್ಯರು ಅದನ್ನು ಬಳಸಬಹುದು. ಅದು ಪರದೆಯ ಮೇಲೆ ನಾಳವನ್ನು ನೋಡುತ್ತಿರುವವರ ತೀರ್ಮಾನ, ಫೋನಿನಲ್ಲಿ ಆಗುವಂಥದ್ದಲ್ಲ.

ಮನೆಯವರ ಕೈಯಲ್ಲಿರುವುದು ಸಮಯ. ಸಹರಿಯ ಹೊತ್ತಿಗೆ ಎದೆ ಹಿಡಿದಂತಾದರೆ "ರಾತ್ರಿಯ ಬಿರಿಯಾನಿಯ ಗ್ಯಾಸ್" ಎಂದು ಸೋಡಾ ಕುಡಿಸಿ ಮಲಗಿಸುವ ಮನೆಗಳು ಎಷ್ಟಿಲ್ಲ! ಸುಬಹ್ ನಮಾಝ್ ಮುಗಿಯಲಿ, ಬೆಳಗಾಗಲಿ ಎಂದು ಕಾಯುವಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಉಪವಾಸವಿದ್ದರೂ ತಡಮಾಡಬೇಡಿ. ರೋಗಿಗೆ ಉಪವಾಸ ಬಿಡಲು ಧರ್ಮದಲ್ಲೇ ರಿಯಾಯಿತಿ ಇದೆ. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಉಸಿರುಕಟ್ಟುವಿಕೆ, ವಾಂತಿ, ವಿಪರೀತ ಸುಸ್ತು ಇರಬಹುದು. ಉಮ್ಮ ಮಾತಾಡದೆ ಸುಮ್ಮನೆ ಕುಳಿತರೆ ಒಮ್ಮೆ ಕೇಳಿ ನೋಡಿ.

108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಸಿಗದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಪಡೆದು ಮುಂದಕ್ಕೆ ಹೋಗುವುದು ಉತ್ತಮ. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಕರ್ನಾಟಕದ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಈ ದುಬಾರಿ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ನಿಮ್ಮ ತಾಲೂಕಿನಲ್ಲಿ ಇದೆಯೇ ಎಂದು ಈಗಲೇ ವಿಚಾರಿಸಿಡಿ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಒಂದು ವರ್ಷ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ರಮಝಾನ್‌ನಲ್ಲಿ ಇವನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಉಪವಾಸ ಹಿಡಿಯಬಹುದೇ, ಹಿಡಿದರೆ ಇಫ್ತಾರ್‌ಗೆ ಯಾವ ಮಾತ್ರೆ, ಸಹರಿಗೆ ಯಾವುದು ಎಂಬುದನ್ನು ತಿಂಗಳು ಶುರುವಾಗುವ ಮುಂಚೆಯೇ ವೈದ್ಯರಲ್ಲಿ ಬರೆಸಿಕೊಳ್ಳಿ.