ಅಸಲು ಪತ್ರ ಎಲ್ಲಿದೆ, ಯಾಕಿಲ್ಲ?

ಪತ್ರದಲ್ಲಿ ಏನು ಬರೆದಿದೆ ಎಂದು ಕೋರ್ಟಿಗೆ ತೋರಿಸಬೇಕಾದರೆ ಪತ್ರವನ್ನೇ ತರಬೇಕು. ಇಂಗ್ಲೆಂಡಿನ ಕೋರ್ಟುಗಳಲ್ಲಿ ಇದು ಮಧ್ಯಯುಗದಿಂದಲೂ ಕಟ್ಟುನಿಟ್ಟಿನ ನಿಯಮವಾಗಿತ್ತು. ಮೊಹರು ಒತ್ತಿದ ಕರಾರಿನ ಮೇಲೆ ಹಕ್ಕು ಹೇಳುವವನು ಅದನ್ನು ನ್ಯಾಯಾಧೀಶರ ಮುಂದಿಡಬೇಕಿತ್ತು. ಹಾಗಾದರೆ ಪತ್ರ ಕಳೆದುಕೊಂಡವನ ಗತಿಯೇನು? ಉತ್ತರ ಸಿಗಲು ಶತಮಾನಗಳೇ ಹಿಡಿದವು.

1611ರ ಲೇಫೀಲ್ಡ್ ಪ್ರಕರಣದ ಬಗ್ಗೆ ನ್ಯಾಯಾಧೀಶ ಎಡ್ವರ್ಡ್ ಕೋಕ್ ಬರೆದ ವರದಿ ಈ ಕಟ್ಟುನಿಟ್ಟಿನ ಕಾರಣವನ್ನು ಬಿಡಿಸಿಟ್ಟಿತು. ಅಕ್ಷರ ಕೆರೆದಿದ್ದಾರೆಯೇ, ಸಾಲುಗಳ ನಡುವೆ ಏನಾದರೂ ತುರುಕಿದ್ದಾರೆಯೇ, ಷರತ್ತು ಹಾಕಿದ್ದಾರೆಯೇ ಎಂಬುದು ಪತ್ರ ನೋಡಿದರಷ್ಟೇ ತಿಳಿಯುತ್ತದೆ. ಅದೇ ವರದಿ ಒಂದು ಕಿರುದಾರಿಯನ್ನೂ ತೆರೆಯಿತು: ಮನೆಗೆ ಬೆಂಕಿ ಬಿದ್ದು ಕಾಗದಗಳೆಲ್ಲ ಸುಟ್ಟುಹೋದವನು ಸಾಕ್ಷಿಗಳ ಮೂಲಕ ಪತ್ರವನ್ನು ರುಜುವಾತು ಮಾಡಬಹುದು.

ಈ ಕಿರುದಾರಿಯ ಹಿಂದಿನ ತತ್ವವನ್ನು ಕಾಣಿಸಿದವರು ನ್ಯಾಯಾಧೀಶ ಜೆಫ್ರಿ ಗಿಲ್ಬರ್ಟ್. ಅವರು ತೀರಿಕೊಂಡ ಮೇಲೆ, 1754ರಲ್ಲಿ, ಸಾಕ್ಷ್ಯದ ಕಾನೂನಿನ ಕುರಿತ ಅವರ ಪುಸ್ತಕ ಅಚ್ಚಾಯಿತು. ಹೆಚ್ಚು ಬಲವಾದ ಪುರಾವೆ ಇದ್ದೂ ಅದನ್ನು ಮುಂದಿಡದಿದ್ದರೆ, ಅದರಲ್ಲಿ ಏನೋ ಮುಚ್ಚಿಡುವಂಥದ್ದಿದೆ ಎಂದು ಊಹಿಸಬೇಕಾಗುತ್ತದೆ ಎಂದರು ಅವರು. ನನ್ನ ಪಾಲಿಗೆ ನಿಜವಾದ ಆವಿಷ್ಕಾರ ಇದೇ. ನಕಲೆಂಬ ಕಾರಣಕ್ಕೇ ನಕಲು ಕೆಟ್ಟದ್ದಲ್ಲ. ಅನುಮಾನ ಹುಟ್ಟುವುದು ಅಸಲನ್ನು ಯಾಕೆ ತರಲಿಲ್ಲ ಎಂಬಲ್ಲಿ. ಅದಕ್ಕೆ ಪ್ರಾಮಾಣಿಕ ಕಾರಣವಿದ್ದರೆ ಅನುಮಾನ ನಿಲ್ಲುವುದಿಲ್ಲ. 1789ರಲ್ಲಿ ರೀಡ್ ಮತ್ತು ಬ್ರೂಕ್‌ಮನ್ ಪ್ರಕರಣದಲ್ಲಿ, ಕಾಲಕ್ರಮದಲ್ಲಿ ಆಕಸ್ಮಿಕವಾಗಿ ಕಳೆದುಹೋದ ಪತ್ರವನ್ನು ಹಾಜರುಪಡಿಸದೆಯೇ ದಾವೆ ನಡೆಸಬಹುದು ಎಂದು ಕೋರ್ಟು ಒಪ್ಪಿತು.

ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಇಂಥ ಕಾರಣಗಳನ್ನು 65ನೇ ಕಲಮಿನಲ್ಲಿ ಪಟ್ಟಿ ಮಾಡಿತು. ಅಸಲು ಎದುರಾಳಿಯ ಕೈಯಲ್ಲಿದ್ದು, ನೋಟಿಸು ಕೊಟ್ಟರೂ ಆತ ಹಾಜರುಪಡಿಸದಿರಬಹುದು, ನಾಶವಾಗಿರಬಹುದು, ಸುಲಭವಾಗಿ ಸಾಗಿಸಲಾಗದ್ದಾಗಿರಬಹುದು. ಕೊನೆಯ ಮಾತು ಕನ್ನಡನಾಡಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕಲ್ಲಿನ ಮೇಲೆ, ಲೋಹದ ಫಲಕದ ಮೇಲೆ ಕೊರೆದ ಬರಹವೂ ಆ ಕಾನೂನಿನ ಪ್ರಕಾರ ದಸ್ತಾವೇಜೇ. ದೇವಸ್ಥಾನದ ಮುಂದೆ ನೆಟ್ಟ ಶಿಲಾಶಾಸನವನ್ನು ಕಿತ್ತು ಕೋರ್ಟಿಗೆ ತರುವವರು ಯಾರು?

ಕಂಪ್ಯೂಟರು ಬಂದಾಗ ಹಳೆಯ ಪ್ರಶ್ನೆ ಹೊಸದಾಗಿ ಎದ್ದಿತು. ಯಂತ್ರದಲ್ಲಿರುವ ದಾಖಲೆಯ ಪ್ರತಿ ತಂದರೆ, ಅದರ ಜೊತೆಗೆ ಪ್ರಮಾಣಪತ್ರ ಬೇಕೆಂದು 2000ದಲ್ಲಿ 65ಬಿ ಕಲಮು ಸೇರಿತು. ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರದ 2014ರ ಚುನಾವಣಾ ವ್ಯಾಜ್ಯದಲ್ಲಿ ಇದರ ಪರೀಕ್ಷೆ ನಡೆಯಿತು. ನಾಮಪತ್ರ ಗಡುವು ಮೀರಿ ಬಂತೇ ಎಂಬುದಕ್ಕೆ ಚುನಾವಣಾ ಅಧಿಕಾರಿಯ ಕಚೇರಿಯ ವಿಡಿಯೊ ಪುರಾವೆಯಾಗಿತ್ತು. ಮತ್ತೆಮತ್ತೆ ಕೇಳಿದರೂ ಅಧಿಕಾರಿಗಳು ಪ್ರಮಾಣಪತ್ರ ಕೊಡಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟು ಪ್ರಮಾಣಪತ್ರ ಕಡ್ಡಾಯವೆಂದೇ ಹೇಳಿತು. ಆದರೆ ತನ್ನಿಂದಾದ ಪ್ರಯತ್ನವೆಲ್ಲ ಮಾಡಿಯೂ ಅದು ಸಿಗದವನಿಗೆ ವಿನಾಯಿತಿ ಕೊಟ್ಟಿತು.

1872ರ ಕಾನೂನಿನ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ಚೌಕಟ್ಟು ಉಳಿದಿದೆ. ಹಾಗಾಗಿ ಕ್ರಯಪತ್ರದ ಜೆರಾಕ್ಸ್ ಹಿಡಿದು ಕೋರ್ಟಿನ ಮೆಟ್ಟಿಲೇರುವವರು ಮೊದಲು ಸಿದ್ಧಪಡಿಸಿಕೊಳ್ಳಬೇಕಾದದ್ದು ಅಸಲು ಇಲ್ಲದಿರುವುದರ ಕಾರಣವನ್ನು: ಎಲ್ಲಿ ಹುಡುಕಿದೆವು, ಯಾರನ್ನು ಕೇಳಿದೆವು, ಯಾವಾಗ ನೋಟಿಸು ಕೊಟ್ಟೆವು. ಅದು ಗಟ್ಟಿಯಿದ್ದರಷ್ಟೇ ನಕಲಿಗೆ ಬಾಗಿಲು ತೆರೆಯುತ್ತದೆ.