ಪವರ್ ಪ್ರೆಸ್ಸಿನ ಕೊನೆಯ ಐದು ಡಿಗ್ರಿ

ಬೆಂಗಳೂರಿನ ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನಲ್ಲಾಗಲಿ ಕಾಮಾಕ್ಷಿಪಾಳ್ಯದಲ್ಲಾಗಲಿ ಅಡ್ಡರಸ್ತೆಗೆ ತಿರುಗಿದರೆ ಯಾವುದೋ ಶೆಡ್ಡಿನಿಂದ ಧಡ್ ಧಡ್ ಸದ್ದು ಕೇಳಿಸುತ್ತದೆ. ಅದು ಪವರ್ ಪ್ರೆಸ್. ತಗಡಿನಿಂದ ವಾಷರು, ಕ್ಲಾಂಪು, ಬ್ರಾಕೆಟ್ಟು ಕತ್ತರಿಸಿ ಉದುರಿಸುವ ಯಂತ್ರ.

ಒಳಗಿರುವುದು ಸರಳ ಏರ್ಪಾಟು. ಮೋಟಾರು ಫ್ಲೈವೀಲನ್ನು ತಿರುಗಿಸುತ್ತದೆ. ಪೆಡಲ್ ಒತ್ತಿದರೆ ಕ್ಲಚ್ ಹಿಡಿದು ಕ್ರ್ಯಾಂಕ್ ಸುತ್ತುತ್ತದೆ, ಕನೆಕ್ಟಿಂಗ್ ರಾಡು ರ‍್ಯಾಮನ್ನು ಡೈ ಮೇಲೆ ಇಳಿಸುತ್ತದೆ. ಕ್ರ್ಯಾಂಕಿನ ಉದ್ದ ‘ಕ’, ರಾಡಿನದು ‘ರ’, ಶಾಫ್ಟಿನಿಂದ ರ‍್ಯಾಮಿಗೆ ಇರುವ ದೂರ ‘ದ’, ಕೆಳತುದಿಯಿಂದ ಅಳೆದ ಕೋನ ‘ಕೋ’ ಎನ್ನೋಣ. ಈ ಮೂರು ಉದ್ದಗಳೂ ಒಂದು ತ್ರಿಕೋನದ ಬಾಹುಗಳು. ಪಿಯುಸಿಯ ಕೊಸೈನ್ ನಿಯಮ ಹೇಳುವುದಿಷ್ಟು:

ದ² − 2·ಕ·ದ·ಕಾಸ್ ಕೋ + ಕ² = ರ²

‘ದ’ವನ್ನು ಒಂದು ಕಡೆಗೆ ಬಿಡಿಸಿಕೊಳ್ಳಲು ಹೋದರೆ ವರ್ಗಮೂಲ ಕೊರಳಿಗೆ ಬೀಳುತ್ತದೆ. ಬಿಡಿಸುವುದೇ ಬೇಡ. ಕೋನ ಬದಲಾದಂತೆ ‘ದ’ವೂ ಬದಲಾಗುತ್ತದೆ ಎಂಬುದನ್ನಷ್ಟೇ ನೆನಪಿಟ್ಟು, ಸಮೀಕರಣವನ್ನು ಇದ್ದ ಹಾಗೆಯೇ ಡಿಫರೆನ್ಸಿಯೇಟ್ ಮಾಡಿದರಾಯಿತು. ಇಂಪ್ಲಿಸಿಟ್ ವಿಧಾನವೆಂದರೆ ಇದೇ. ಕೋನಕ್ಕೆ ತಕ್ಕಂತೆ ‘ದ’ವನ್ನು ಬರೆದ ಗ್ರಾಫಿಗೆ ಬರುವ ಇಳಿಜಾರು:

−ಕ·ದ·ಸೈನ್ ಕೋ ÷ (ದ − ಕ·ಕಾಸ್ ಕೋ)

ಪರೀಕ್ಷೆಗೆ ಓದುವವರು ಇಲ್ಲಿಗೆ ಪುಟ ಮುಚ್ಚುತ್ತಾರೆ. ಪ್ರೆಸ್ಸಿನ ಕತೆ ಶುರುವಾಗುವುದೇ ಇಲ್ಲಿಂದ.

ಅಂಶ ಸೊನ್ನೆಯಾಗುವುದು 0 ಮತ್ತು 180 ಡಿಗ್ರಿಯಲ್ಲಿ. ಇವೇ ಕ್ರಿಟಿಕಲ್ ಬಿಂದುಗಳು. ಶೆಡ್ಡಿನವರ ಬಾಯಲ್ಲಿ ಬಾಟಮ್ ಡೆಡ್ ಸೆಂಟರ್, ಟಾಪ್ ಡೆಡ್ ಸೆಂಟರ್. ಛೇದ ಸೊನ್ನೆಯಾದರೆ ಸ್ಪರ್ಶರೇಖೆ ನೆಟ್ಟಗೆ ನಿಲ್ಲುತ್ತದೆ. ಆದರೆ ಅದಕ್ಕೆ ರಾಡು ಕ್ರ್ಯಾಂಕಿಗೆ ಲಂಬವಾಗದೆ, ರ‍್ಯಾಮ್ ಜಾರುವ ದಾರಿಗೆ ಲಂಬವಾಗಬೇಕು. ರಾಡು ಕ್ರ್ಯಾಂಕಿಗಿಂತ ಉದ್ದವಿದ್ದರೆ ಅದು ಸಾಧ್ಯವೇ ಇಲ್ಲ. 50 ಮಿ.ಮೀ. ಕ್ರ್ಯಾಂಕಿಗೆ 40 ಮಿ.ಮೀ. ರಾಡು ಜೋಡಿಸಿ ನೋಡಿ: ಕೆಳಗಿನಿಂದ ಸುಮಾರು 53 ಡಿಗ್ರಿಗೆ ಬರುವಷ್ಟರಲ್ಲಿ ಯಂತ್ರ ಕಚ್ಚಿಕೊಳ್ಳುತ್ತದೆ. ರಾಡು ಯಾಕೆ ಉದ್ದವಿರಬೇಕು ಎಂಬುದಕ್ಕೆ ಛೇದವೇ ಉತ್ತರ.

ಈಗ ಗ್ರಾಫಿನ ಅಕ್ಷಗಳನ್ನು ಅದಲು ಬದಲು ಮಾಡಿ, ದೂರಕ್ಕೆ ತಕ್ಕಂತೆ ಕೋನವನ್ನು ಬರೆಯಿರಿ. ಮಲಗಿದ್ದ ಸ್ಪರ್ಶರೇಖೆ ಎದ್ದು ನಿಲ್ಲುತ್ತದೆ: ಡೆಡ್ ಸೆಂಟರಿನಲ್ಲಿ ರ‍್ಯಾಮಿನ ಕೂದಲೆಳೆಯಷ್ಟು ಚಲನೆಗೂ ಕ್ರ್ಯಾಂಕ್ ಬಹಳಷ್ಟು ತಿರುಗಬೇಕು. ಅದೇ ತಿರುಗುವಿಕೆಗೆ ಚಲನೆ ಕುಗ್ಗಿದಷ್ಟೂ ಬಲ ಹೆಚ್ಚುತ್ತದೆ; ಪ್ರೆಸ್ಸಿನ ಬಲದ ಗುಟ್ಟು ಇದು. 50 ಮಿ.ಮೀ. ಕ್ರ್ಯಾಂಕ್, 250 ಮಿ.ಮೀ. ರಾಡು ಇದ್ದರೆ, ಕೆಳತುದಿಗೆ 30 ಡಿಗ್ರಿ ಬಾಕಿಯಿರುವಾಗ ಡಿಗ್ರಿಗೆ ಸುಮಾರು ಅರ್ಧ ಮಿ.ಮೀ. ಇಳಿಯುವ ರ‍್ಯಾಮ್, 5 ಡಿಗ್ರಿ ಬಾಕಿಯಿರುವಾಗ ಇಳಿಯುವುದು 0.09 ಮಿ.ಮೀ. ಮಾತ್ರ. ಘರ್ಷಣೆ ಬದಿಗಿಟ್ಟರೆ, ಶಾಫ್ಟಿನ ಅದೇ ತಿರುಚುಬಲಕ್ಕೆ ಒತ್ತಡ ಐದೂವರೆ ಪಟ್ಟಿಗಿಂತ ಹೆಚ್ಚು. ಹಾಗಾಗಿಯೇ ಪ್ರೆಸ್ಸಿನ ಟನ್ ಲೆಕ್ಕವನ್ನು ಕೆಳತುದಿಗಿಂತ ಇಂತಿಷ್ಟು ಮಿ.ಮೀ. ಮೇಲೆ ಎಂದೇ ಹೇಳುತ್ತಾರೆ. ವೇಗ ಸತ್ತ ಜಾಗದಲ್ಲೇ ಬಲ ಅತಿ ಹೆಚ್ಚು. ಹಳೆಯ ಪ್ರೆಸ್ಸುಗಳ ಕ್ಲಚ್ಚಂತೂ ಒಮ್ಮೆ ಹಿಡಿದರೆ ಪೂರ್ತಿ ಸುತ್ತು ಮುಗಿಸದೆ ಬಿಡದು, ಬೆರಳು ಒಳಗಿದ್ದರೂ.

ಕಾಗದದ ಮೇಲೆ ಈ ಬಲಕ್ಕೆ ಮಿತಿಯಿಲ್ಲ. ವಾಸ್ತವದಲ್ಲಿ ಪ್ರೆಸ್ಸಿನ ಫ್ರೇಮು ಹಿಗ್ಗಿ ಅದನ್ನು ನುಂಗುತ್ತದೆ. ಡೈಯೊಳಗೆ ಅಕಸ್ಮಾತ್ ಎರಡು ತಗಡು ಒಟ್ಟಿಗೆ ಹೋದರೆ ರ‍್ಯಾಮ್ ಕೆಳತುದಿಯಲ್ಲೇ ಸಿಕ್ಕಿಕೊಳ್ಳುವುದುಂಟು. ಹಿಗ್ಗಿದ ಫ್ರೇಮು ಎಷ್ಟೇ ಜೋರಾಗಿ ರ‍್ಯಾಮನ್ನು ಮೇಲಕ್ಕೆ ತಳ್ಳಿದರೂ ಅಲ್ಲಿ ಕ್ರ್ಯಾಂಕ್ ಅಲುಗದು, ಇಳಿಜಾರು ಸೊನ್ನೆ. ಮೋಟಾರನ್ನು ಉಲ್ಟಾ ತಿರುಗಿಸಿ ಬಿಡಿಸಿಕೊಳ್ಳಬೇಕು.